ಮೂವತ್ತೇಳನೆಯ ಹೆಸರು

ನಾನು ಸಮುದಾಯ ಕಾಲೇಜಿನ ಗ್ರಂಥಾಲಯಕ್ಕೆ ಕೆಲಸಕ್ಕೆ ಸೇರುವಷ್ಟರಲ್ಲಿ ಹಾಜರಿಯಕ್ಕನ ನಿಜವಾದ ಹೆಸರು ಅಲ್ಲಿ ಯಾರಿಗೂ ನೆನಪಿರಲಿಲ್ಲ. ಅದು ಸಂಬಳದ ಪಟ್ಟಿಯಲ್ಲಷ್ಟೇ ಉಳಿದಿತ್ತು. ಅವರು ದಾಖಲೆ ವಿಭಾಗದ ಗುಮಾಸ್ತೆ. ಯಾವ ತರಗತಿಗೆ ಯಾರು ಸೇರಿದರು, ಎಷ್ಟು ದಿನ ಬಂದರು, ಯಾವತ್ತಿಂದ ಬರಲಿಲ್ಲ, ಯಾರು ಮುಗಿಸಿದರು ಎಂಬ ಇಪ್ಪತ್ತಾರು ವರ್ಷದ ವಿವರವೆಲ್ಲ ಅವರ ದುಂಡು ಅಕ್ಷರದಲ್ಲಿತ್ತು. ಕಂಪ್ಯೂಟರ್ ಬಂದ ಮೇಲೂ ಅವರು ಮೊದಲು ಪುಸ್ತಕದಲ್ಲಿ ಬರೆದು ಆಮೇಲೆ ಯಂತ್ರಕ್ಕೆ ಏರಿಸುತ್ತಿದ್ದರು. ಕೇಳಿದರೆ, "ಕರೆಂಟು ಹೋದ್ರೂ ಬಂದವರು ಬಂದೇ ಇರ್ತಾರಲ್ಲ" ಅನ್ನುತ್ತಿದ್ದರು.

ಬಸ್ ಡಿಪೋದ ಹಿಂದಿನ ಎರಡು ಮಹಡಿಯ ಕಟ್ಟಡ ನಮ್ಮದು. ಕೆಳಗೆ ವೆಲ್ಡಿಂಗ್ ಶೆಡ್ಡು, ಹೊಲಿಗೆ, ಮೇಲೆ ಕಂಪ್ಯೂಟರ್, ರೋಗಿಗಳ ಆರೈಕೆಯ ತರಬೇತಿ. ಡಿಗ್ರಿ ಕೊಡುವ ಕಾಲೇಜಲ್ಲ. ದುಡಿಯುವ ಜನ ದುಡಿಮೆಯ ನಡುವೆಯೇ ಬಂದು ಏನಾದರೂ ಕಲಿತು ಹೋಗುವ ಜಾಗ. ಹದಿನೆಂಟರ ಹುಡುಗಿಯ ಪಕ್ಕದಲ್ಲಿ ಮೊಮ್ಮಗು ಕಂಡ ಅಜ್ಜಿ ಕೂತಿರುತ್ತಿದ್ದಳು. ನಾನು ಈಗ ಹೇಳುವುದರಲ್ಲಿ ಅರ್ಧ ಕಣ್ಣಾರೆ ಕಂಡದ್ದು. ಉಳಿದರ್ಧ ಹಾಜರಿಯಕ್ಕನೇ, ನಿವೃತ್ತರಾದ ಮೇಲೆ, ತುಂಡು ತುಂಡಾಗಿ ಹೇಳಿದ್ದು.

ಅವರಿಗೆ ಒಂಬತ್ತು ವರ್ಷವಾಗಿದ್ದಾಗ ಅಪ್ಪ ಅಮ್ಮ ಇಬ್ಬರೂ ಒಂದೇ ವರ್ಷದಲ್ಲಿ ಹೋದರು. ಎಂಟು ವರ್ಷ ದೊಡ್ಡವಳಾದ ಅಕ್ಕನಿಗೆ ಆಗಷ್ಟೇ ಮದುವೆಯಾಗಿತ್ತು. ಹೊಸ ಮದುಮಗಳು ತಂಗಿಯನ್ನು ಕಂಕುಳಿಗೆ ಕಟ್ಟಿಕೊಂಡ ಹಾಗೆ ಗಂಡನ ಮನೆಗೆ ಕರೆತಂದಳು. ಭಾವ ಒಂದು ಮಾತು ಆಡಲಿಲ್ಲ. ಮಾರನೆಯ ದಿನ ಒಂದು ನೋಟುಪುಸ್ತಕ ತಂದು ಮುಂದಿಟ್ಟು, "ಗೆರೆ ಬಿಟ್ಟು ಆಚೆ ಹೋಗಬಾರದು, ನೋಡು" ಅಂದರು. ಅಷ್ಟೇ ಸ್ವಾಗತ. ಆ ಭಾವ ಇದೇ ಕಾಲೇಜಿನಲ್ಲಿ ಮೇಷ್ಟ್ರು. ಹಾಜರಿಯಕ್ಕನಿಗೆ ಮದುವೆಯಾಗಿ, ಮೂರೇ ವರ್ಷಕ್ಕೆ ಗಂಡ "ಇಲ್ಲೇ ಹೋಗಿ ಬರ್ತೀನಿ" ಅಂತ ಹೊರಟವನು ಬಾರದೇ ಹೋದಾಗ, ಗುಮಾಸ್ತೆಯ ಕೆಲಸದ ಅರ್ಜಿ ತಂದುಕೊಟ್ಟವರೂ ಅವರೇ. "ಶಿಫಾರಸು ಮಾಡಲ್ಲ. ಪರೀಕ್ಷೆ ಬರಿ" ಅಂದರು. ಬರೆದರು, ಮೊದಲನೆಯವರಾಗಿ ಬಂದರು. ಕೆಲಸದ ಮೊದಲ ದಿನ ಭಾವ ಮೇಜಿನ ಹತ್ತಿರ ಬಂದು ಹೇಳಿದ ಮಾತನ್ನು ಹಾಜರಿಯಕ್ಕ ನನಗೆ ಅದೇ ದನಿಯಲ್ಲಿ ಹೇಳಿ ತೋರಿಸಿದ್ದರು: "ಒಂದೇ ದಿನ ಬಂದಿದ್ರೂ ಬಂದಿದ್ದೇ. ಬಂದವರ ಹೆಸರು ಹೊಡೀಬೇಡ. ಎಷ್ಟು ದೂರದಿಂದ ನಡ್ಕೊಂಡು ಬಂದಿರ್ತಾರೋ ಏನೋ."

ಭಾವ ನಡೆಸುತ್ತಿದ್ದದ್ದು ಮರುಕಲಿಕೆ ತರಗತಿ. ಶಾಲೆಯನ್ನು ಅರ್ಧಕ್ಕೆ ಬಿಟ್ಟವರನ್ನು ಹತ್ತನೆಯ ತರಗತಿಯ ಪರೀಕ್ಷೆಗೆ ಕೂರಿಸುವ ತರಗತಿ. ಮಧ್ಯಾಹ್ನ ಮೂರೂವರೆಯಿಂದ ಆರರವರೆಗೆ. ಕಸ ಗುಡಿಸುವವರು, ಗೋದಾಮಿನಲ್ಲಿ ಮೂಟೆ ಹೊರುವವರು, ಮನೆಗೆಲಸದವರು ಬರುತ್ತಿದ್ದರು. ಬಂದಷ್ಟೇ ಸಲೀಸಾಗಿ ಬಿಟ್ಟೂ ಹೋಗುತ್ತಿದ್ದರು. ಆಸ್ಪತ್ರೆಯ ವಾರ್ಡು ಒರೆಸುವ ಒಬ್ಬ ಹೆಂಗಸನ್ನು ಎಲ್ಲರೂ 'ಐದನೇ ಸಲದಮ್ಮ' ಅನ್ನುತ್ತಿದ್ದರು. ಐವತ್ತೊಂದು ವಯಸ್ಸು, ಐದನೇ ಸಲ ಸೇರಿದ್ದಳು. ಮೊದಲ ಸಲ ಗಂಡ ಏಣಿಯಿಂದ ಬಿದ್ದ, ಎರಡನೇ ಸಲ ಮಗಳ ಹೆರಿಗೆ, ಮೂರನೇ ಸಲ ಶಿಫ್ಟು ಬದಲಾಯಿತು, ನಾಲ್ಕನೇ ಸಲ ದಶಮಾಂಶ ಅರ್ಥವಾಗದೆ ನಾಚಿಕೊಂಡು ನಿಂತೇಬಿಟ್ಟಳು. "ಈ ಸಲ ಚುಕ್ಕಿ ಎಲ್ಲಿ ಇಡಬೇಕು ಅಂತ ಗೊತ್ತಾಗೋವರೆಗೂ ನಾನು ಏಳಲ್ಲ ಮೇಷ್ಟ್ರೇ" ಅಂತ ಮೊದಲ ಬೆಂಚಿನಲ್ಲೇ ಕೂರುತ್ತಿದ್ದಳು. ಅವಳಿಗೆ ಹಟ ಸುಮ್ಮನೆ ಬಂದಿರಲಿಲ್ಲ. ಆ ವರ್ಷದೊಳಗೆ ಹತ್ತನೆಯ ತರಗತಿಯ ಪ್ರಮಾಣಪತ್ರ ತಂದವರನ್ನು ಮಾತ್ರ ಕಾಯಂ ಮಾಡುವುದಾಗಿ ಆಸ್ಪತ್ರೆಯವರು ಹೇಳಿದ್ದರು.

ಹಾಗಿರುವಾಗ ಕಾಲೇಜಿಗೆ ಹೊಸ ಪ್ರಾಂಶುಪಾಲರು ಬಂದರು. ಕೆಟ್ಟ ಮನುಷ್ಯರಲ್ಲ. ಕಟ್ಟಡ ಸೋರುತ್ತಿತ್ತು, ಸರ್ಕಾರದ ನೆರವು ಸೊರಗುತ್ತಿತ್ತು, ಏನಾದರೂ ಮಾಡದಿದ್ದರೆ ಕಾಲೇಜಿಗೇ ಬೀಗ ಬೀಳುತ್ತದೆ ಅನ್ನುವ ಭಯ ಅವರಿಗೆ ನಿಜವಾಗಿಯೂ ಇತ್ತು. ಐದು ವರ್ಷದ ಕಾರ್ಯತಂತ್ರ ಯೋಜನೆ ಮಾಡಬೇಕು ಅಂತ ಹೊರಗಿನಿಂದ ಒಬ್ಬ ಸಲಹೆಗಾರನನ್ನು ಕರೆಸಿದರು. ಮೆತ್ತಗೆ ಮಾತಾಡುವ, ಯಾರ ಮಾತಿಗೂ "ಬಹಳ ಒಳ್ಳೆ ಅಂಶ" ಅನ್ನುವ ಯುವಕ. ಸಭೆಯ ಕೋಣೆಯ ಗೋಡೆಗೆ ನಾಲ್ಕು ದೊಡ್ಡ ಹಾಳೆ ಅಂಟಿಸಿದ. ನಮ್ಮ ಬಲ, ನಮ್ಮ ದೌರ್ಬಲ್ಯ, ನಮ್ಮ ಅವಕಾಶ, ನಮಗಿರುವ ಅಪಾಯ. ಎಲ್ಲರಿಗೂ ಬಣ್ಣದ ಚೀಟಿ ಕೊಟ್ಟು, ತೋಚಿದ್ದು ಬರೆದು ಅಂಟಿಸಿ ಅಂದ. ವೆಲ್ಡಿಂಗ್ ಮೇಷ್ಟ್ರು 'ದೌರ್ಬಲ್ಯ'ದ ಕೆಳಗೆ 'ಸೋರುವ ಛಾವಣಿ' ಅಂತ ಬರೆದು ಅಂಟಿಸಿದ ಚೀಟಿ ಗೋಡೆಯ ತೇವಕ್ಕೆ ಕಳಚಿ ಬಿತ್ತು. ಎಲ್ಲರೂ ನಕ್ಕರು. ಸಲಹೆಗಾರನೂ ನಕ್ಕ.

ಯೋಜನೆಯ ಸಮಿತಿಗೆ ಹಾಜರಿಯಕ್ಕನನ್ನೂ ಸೇರಿಸಿದರು. ಅಂಕಿ ಬೇಕಲ್ಲ. ಇಪ್ಪತ್ತಾರು ವರ್ಷ ಆ ಕೋಣೆಯ ಬಾಗಿಲಲ್ಲಿ ನಿಂತು ಕಡತ ಕೊಟ್ಟು ಬಂದವರಿಗೆ ಮೊದಲ ಸಲ ಒಳಗೆ ಕುರ್ಚಿ ಸಿಕ್ಕಿತು. ಅವತ್ತು ಗ್ರಂಥಾಲಯಕ್ಕೆ ಬಂದು, "ಅಲ್ಲಿಯ ಕುರ್ಚಿ ತಿರುಗುತ್ತೆ ಗೊತ್ತಾ? ನಾನು ತಿರುಗಲಿಲ್ಲ, ನಗ್ತಾರೆ ಅಂತ" ಅಂದರು. ಅವರ ಮುಖದ ಮೇಲೆ ಅಂಥ ಸಂತೋಷವನ್ನು ನಾನು ಆಮೇಲೆ ನೋಡಲಿಲ್ಲ.

ಮೊದಲ ಸಭೆಯಲ್ಲೇ ಸಲಹೆಗಾರ ಅಳತೆಗೋಲು ಹೇಳಿದ. ಹತ್ತು ವರ್ಷದಲ್ಲಿ ಸೇರಿದವರೆಷ್ಟು, ಮುಗಿಸಿದವರೆಷ್ಟು, ಕಳೆದ ವರ್ಷ ಮುಗಿಸಿದವರಲ್ಲಿ ಕೆಲಸ ಸಿಕ್ಕವರೆಷ್ಟು. ಮುಗಿಸಿದವರು ನೂರಕ್ಕೆ ಮೂವತ್ತೈದಕ್ಕಿಂತ ಕಡಿಮೆ ಇದ್ದರೆ ಆ ತರಗತಿ ಕೆಂಪು ಪಟ್ಟಿಗೆ. ಕೆಂಪು ಅಂದರೆ ಮುಚ್ಚುವುದು. ಪ್ರತಿ ವಿಭಾಗವೂ ತನ್ನ ಪಟ್ಟಿ ಕೊಡಬೇಕು, ಹಾಜರಿಯಕ್ಕ ಅವನ್ನೆಲ್ಲ ಕೂಡಿಸಿ, ಪ್ರತಿ ಪುಟದ ಕೆಳಗೆ 'ಪರಿಶೀಲಿಸಿದೆ' ಅಂತ ಸಹಿ ಹಾಕಬೇಕು.

ಕಂಪ್ಯೂಟರ್ ವಿಭಾಗದ ಪಟ್ಟಿ ಎಲ್ಲಕ್ಕಿಂತ ಮೊದಲು ಬಂತು, ಎಲ್ಲಕ್ಕಿಂತ ಚೆಂದವಾಗಿತ್ತು. ಕಳೆದ ವರ್ಷ ಮುಗಿಸಿದವರು ನೂರಾ ಹನ್ನೆರಡು. ಕೆಲಸ ಸಿಕ್ಕವರು ತೊಂಬತ್ತನಾಲ್ಕು. ನೂರಕ್ಕೆ ಎಂಬತ್ತನಾಲ್ಕು! ಹಾಜರಿಯಕ್ಕ ಅಭ್ಯಾಸಬಲದಿಂದ ಪ್ರತಿ ಹೆಸರಿನ ಮೇಲೂ ಬೆರಳಿಟ್ಟು ಓದುತ್ತ ಹೋದರು. ಮೂವತ್ತೇಳನೆಯ ಹೆಸರಿನ ಮೇಲೆ ಬೆರಳು ನಿಂತಿತು. 'ಡೇಟಾ ಎಂಟ್ರಿ, ಖಾಸಗಿ ಸಂಸ್ಥೆ' ಅಂತ ಪಕ್ಕದಲ್ಲಿತ್ತು. ಆ ಹುಡುಗ ತರಗತಿಗೆ ಸೇರಿದ ಎರಡನೇ ತಿಂಗಳೇ ಲಾರಿಯ ಕೆಳಗೆ ಸಿಕ್ಕಿ ಸತ್ತಿದ್ದ. ಸೇರುವಾಗ ಕೊಟ್ಟಿದ್ದ ಅವನ ಅಸಲು ಅಂಕಪಟ್ಟಿಯನ್ನು ವಾಪಸು ತೆಗೆದುಕೊಳ್ಳಲು ಅವನ ತಾಯಿ ಬಂದಿದ್ದಳು. ಹಾಜರಿಯಕ್ಕನೇ ತೆಗೆದುಕೊಟ್ಟಿದ್ದರು. ಆಕೆ ಅದನ್ನು ಎರಡೂ ಕೈಯಲ್ಲಿ ಹಿಡಿದು, "ಇದನ್ನ ಮಡಚಬಹುದಾ ಅಥವಾ ಹಾಳಾಗುತ್ತಾ?" ಅಂತ ಕೇಳಿದ್ದಳು. ಹಾಜರಿಯಕ್ಕ ದೊಡ್ಡ ಲಕೋಟೆ ಹುಡುಕಿ ಕೊಟ್ಟಿದ್ದರು.

ಪಟ್ಟಿ ಹಿಡಿದುಕೊಂಡು ಕಂಪ್ಯೂಟರ್ ಮೇಷ್ಟ್ರ ಹತ್ತಿರ ಹೋದರು.

"ಸಾರ್, ಈ ಹುಡುಗ ತೀರಿಹೋಗಿದ್ದಾನೆ."

ಮೇಷ್ಟ್ರು ಹೆಸರು ನೋಡಿದರು. "ಅಯ್ಯೋ ಪಾಪ. ಹೌದಲ್ಲ." ಆಮೇಲೆ ಸಣ್ಣಗೆ ನಕ್ಕರು. "ತೊಂಬತ್ತನಾಲ್ಕರಲ್ಲಿ ಒಂದು, ಅಕ್ಕಾ. ಸಮುದ್ರಕ್ಕೆ ಒಂದು ಚೊಂಬು. ಆಮೇಲೆ ಸರಿ ಮಾಡಿದ್ರಾಯ್ತು, ಈಗ ಹಾಕಿಬಿಡಿ. ನಾಳೇನೇ ಕೊಡಬೇಕಂತೆ."

"ಮುಗಿಸಿದವರ ಲೆಕ್ಕದಲ್ಲೂ ಇದ್ದಾನಲ್ಲ?"

"ಅದು ನಮ್ಮ ಕಾಲಂ ಅಕ್ಕಾ. ನೀವು ಕೂಡಿಸೋದಷ್ಟೇ ಅಲ್ವಾ?"

ಹಾಜರಿಯಕ್ಕ ಮೇಜಿಗೆ ವಾಪಸು ಬಂದರು. ಆ ಸಂಜೆ ತನ್ನ ತಲೆಯಲ್ಲಿ ಏನೇನು ಓಡಿತು ಅನ್ನುವುದನ್ನು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಕಂಪ್ಯೂಟರ್ ಮೇಷ್ಟ್ರು ಪ್ರಾಂಶುಪಾಲರ ಎಡಗೈ ಬಲಗೈ ಎರಡೂ. ಜಗಳ ತೆಗೆದರೆ ಕುರ್ಚಿ ಹೋಗುತ್ತದೆ. ಒಂದು ಹೆಸರು ತಾನೆ. ಅದಲ್ಲದೆ, ತನ್ನ ಕಾಲಂ ಅಲ್ಲ. ಹೀಗೆ ನಾಲ್ಕು ಕಾರಣ ಸಿಕ್ಕ ಮೇಲೆ ದುಂಡಕ್ಷರದಲ್ಲಿ ತೊಂಬತ್ತನಾಲ್ಕು ಅಂತ ಬರೆದು ಕೆಳಗೆ ಸಹಿ ಹಾಕಿದರು.

ಮರುಕಲಿಕೆಯದು ಅವರದೇ ಪುಸ್ತಕದಲ್ಲಿತ್ತು. ಹತ್ತು ವರ್ಷದಲ್ಲಿ ಸೇರಿದವರು ನಾನೂರ ಹನ್ನೆರಡು. ಪಾಸಾದವರು ನೂರಾ ಹದಿನೆಂಟು. ನೂರಕ್ಕೆ ಇಪ್ಪತ್ತೊಂಬತ್ತು. ಮೂರು ಸಲ ಕೂಡಿದರು, ಮೂರು ಸಲವೂ ಅಷ್ಟೇ ಬಂತು.

ಎರಡು ದಿನ ಬಿಟ್ಟು ಭಾವ ದಾಖಲೆ ಕೋಣೆಗೆ ಬಂದರು. ಐವತ್ತೆಂಟು ವರ್ಷದ ಮನುಷ್ಯ. ಯಾರ ಹತ್ತಿರವೂ ಏನನ್ನೂ ಕೇಳಿ ಅಭ್ಯಾಸವಿಲ್ಲ. ಬಂದವರು ಕೂರಲಿಲ್ಲ. ಕಿಟಕಿಯ ಕಡೆ ನೋಡುತ್ತ ಹೇಳಿದರು.

"ಒಂದು ವಾರಾನೂ ಬರದೇ ಇದ್ದವರು ತೊಂಬತ್ತಾರು ಜನ ಇದ್ದಾರೆ. ನೋಡೋಕೆ ಅಂತ ಬಂದು ಹೋದವರು. ಅವರನ್ನ ಸೇರಿದವರು ಅಂತ ಹಿಡೀಬೇಕಾ?"

ಹಾಜರಿಯಕ್ಕ ಮನಸ್ಸಿನಲ್ಲೇ ಭಾಗಿಸಿದರು. ತೊಂಬತ್ತಾರನ್ನು ಕಳೆದರೆ ನೂರಕ್ಕೆ ಮೂವತ್ತೇಳು. ತರಗತಿ ಉಳಿಯುತ್ತದೆ.

"ಭಾವ," ಅಂದರು, "ಬಂದವರ ಹೆಸರು ಹೊಡೀಬೇಡ ಅಂತ ನೀವೇ ಹೇಳಿಕೊಟ್ಟಿದ್ದು."

ಭಾವ ಕಿಟಕಿಯಿಂದ ಈ ಕಡೆ ತಿರುಗಿದರು. "ಹೌದು," ಅಂದರು. "ನಾನೇ ಹೇಳಿದ್ದು." ಬಾಗಿಲು ಮೆಲ್ಲಗೆ ಎಳೆದುಕೊಂಡು ಹೋದರು.

ಅವರು ಹೋದ ಮೇಲೆ ಹಾಜರಿಯಕ್ಕನಿಗೆ ತನ್ನ ಪ್ರಾಮಾಣಿಕತೆಯ ಬಗ್ಗೆ ಹೆಮ್ಮೆಯೇ ಆಯಿತಂತೆ. "ಎಷ್ಟು ಹೆಮ್ಮೆ ಅಂದ್ರೆ, ಆ ತೊಂಬತ್ತನಾಲ್ಕು ಮರೆತೇ ಹೋಗಿತ್ತು ನೋಡು" ಅಂತ ನನ್ನ ಹತ್ತಿರ ಹೇಳಿದರು.

ಹಾಗಂತ ತರಗತಿಯನ್ನು ಕೈಬಿಡುವ ಮನಸ್ಸೂ ಅವರಿಗಿರಲಿಲ್ಲ. ಅಂಕಿ ಬದಲಿಸಲಾಗದಿದ್ದರೆ ಅಂಕಿಯ ಪಕ್ಕದಲ್ಲಿ ಕಾರಣ ಬರೆಯಬಹುದಲ್ಲ ಅಂತ ಹೊಳೆಯಿತು. ಕಳೆದ ಮೂರು ವರ್ಷದಲ್ಲಿ ಬಿಟ್ಟುಹೋದ ಎಂಬತ್ತೆಂಟು ಜನರನ್ನು ಹುಡುಕಲು ಕೂತರು. ಒಂಬತ್ತು ದಿನ, ಊಟದ ಹೊತ್ತೂ ಸೇರಿಸಿ, ಫೋನು ಕಿವಿಗೆ ಅಂಟಿಕೊಂಡೇ ಇತ್ತು. ಅರವತ್ತೊಂದು ಜನ ಸಿಕ್ಕರು. ಹತ್ತೊಂಬತ್ತು ಜನರ ಶಿಫ್ಟು ಬದಲಾಗಿತ್ತು. ಹದಿನಾಲ್ಕು ಹೆಂಗಸರಿಗೆ ಮಗು ನೋಡಿಕೊಳ್ಳುವವರಿರಲಿಲ್ಲ. ಎಂಟು ಜನಕ್ಕೆ ಕೆಲಸವೇ ಸಿಕ್ಕಿಬಿಟ್ಟಿತ್ತು. ಅವರಲ್ಲಿ ಒಬ್ಬ, "ಓದೋಕೆ ಕಲಿತೆ ಅಂತಾನೇ ಅಕ್ಕ ಕೆಲಸ ಕೊಟ್ಟಿದ್ದು, ಬೋರ್ಡು ಓದಿ ಸಾಮಾನು ಇಳಿಸಬೇಕಲ್ಲ" ಅಂದನಂತೆ. ಉಳಿದವರದು ಕಾಯಿಲೆ, ಸಾಲ, ಊರು ಬಿಟ್ಟು ಹೋದದ್ದು. ಬೇಸರ ಬಂದು ಬಿಟ್ಟೆ ಅಂದವರು ಒಬ್ಬರೂ ಇರಲಿಲ್ಲ. ಒಂದು ಉದ್ದ ಕಾಲಂ ಎಳೆದು ಎಲ್ಲವನ್ನೂ ತುಂಬಿದರು. ತರಗತಿಯ ಹೊತ್ತನ್ನು ಒಂದು ಗಂಟೆ ಆಚೀಚೆ ಮಾಡಿದರೆ, ಮಕ್ಕಳನ್ನು ಕೂರಿಸಲು ಒಂದು ಕೋಣೆ ಕೊಟ್ಟರೆ ಅರ್ಧ ಜನ ಉಳಿಯುತ್ತಿದ್ದರು ಅಂತ ಕೊನೆಗೆ ಎರಡು ಸಾಲು ತಮ್ಮದೂ ಸೇರಿಸಿದರು. ಅದನ್ನು ಸಲಹೆಗಾರನಿಗೆ ಕೊಟ್ಟ ದಿನ ಅವರ ನಡಿಗೆಯೇ ಹಗುರಾಗಿತ್ತು.

ಮುಂದಿನ ಸಭೆಯಲ್ಲಿ ಪರದೆಯ ಮೇಲೆ ಹಸಿರು, ಹಳದಿ, ಕೆಂಪು ಪಟ್ಟಿಗಳು ಮೂಡಿದವು. ಕಂಪ್ಯೂಟರ್ ಕಡುಹಸಿರು. ಮರುಕಲಿಕೆ ಕೆಂಪು. ಕಾರಣದ ಕಾಲಂ ಎಲ್ಲೂ ಇರಲಿಲ್ಲ.

ಹಾಜರಿಯಕ್ಕ ಕೈ ಎತ್ತಿದರು. "ಅದರ ಪಕ್ಕದಲ್ಲಿ ನಾನು ಬರೆದಿದ್ದು..."

"ಓದಿದೆ. ಬಹಳ ಒಳ್ಳೆ ಅಂಶ," ಅಂದ ಸಲಹೆಗಾರ. "ಆದ್ರೆ ಚಾರ್ಟಲ್ಲಿ ಕೂರಲ್ಲ ಮೇಡಂ. ಬೇರೆ ಯಾವ ವಿಭಾಗಾನೂ ಕಾರಣ ಕೊಟ್ಟಿಲ್ಲ. ಒಬ್ಬರಿಗೆ ಮಾತ್ರ ಹಾಕಿದ್ರೆ ಪಕ್ಷಪಾತ ಆಗುತ್ತೆ."

ಪ್ರಾಂಶುಪಾಲರು ಕನ್ನಡಕ ತೆಗೆದು ಒರೆಸಿಕೊಂಡರು. "ನನಗೂ ಸಂಕಟಾನೇ. ಆದ್ರೆ ಕೋಣೆ ಒಂದೇ ಇರೋದು. ಕಂಪ್ಯೂಟರ್‌ಗೆ ಇನ್ನೂ ಮೂವತ್ತು ಸೀಟು ಬೇಕು. ಎಲ್ಲಿಂದ ತರಲಿ, ನೀವೇ ಹೇಳಿ."

ಹಾಜರಿಯಕ್ಕ ಪೆನ್ನು ಎತ್ತಿಕೊಂಡರು. ತಿಂಗಳ ಕೊನೆಗೆ ಮರುಕಲಿಕೆ ತರಗತಿ ನಿಲ್ಲಿಸುವುದು ಅಂತ ನಡಾವಳಿಯಲ್ಲಿ ಬರೆದದ್ದೂ ಅವರ ಕೈಯೇ.

ಆ ಭಾನುವಾರ ಅಕ್ಕನ ಮನೆಗೆ ಹೋದರು. ಪ್ರತಿ ಭಾನುವಾರವೂ ಹೋಗುವ ರೂಢಿ. ಅಕ್ಕ ಬಾಗಿಲಲ್ಲೇ ನಿಂತಳು. ಸದಾ ಬಾಯಿತುಂಬ ನಗುವ, ನಕ್ಕರೆ ಹೊಟ್ಟೆ ಹಿಡಿದುಕೊಳ್ಳುವ ಹೆಂಗಸು. ಅವತ್ತು ಮುಖ ಕಲ್ಲಾಗಿತ್ತು.

"ನಿನ್ನ ಜಡೆ ಹಾಕಿ ಬೆಳೆಸಿದ ಕೈ ಇದು," ಅಂದಳು. "ಆ ಮನುಷ್ಯ ಜೀವಮಾನದಲ್ಲಿ ಒಂದು ಸಲ ನಿನ್ನ ಹತ್ರ ಬಾಯಿ ಬಿಟ್ಟು ಕೇಳಿದ್ರು. ಒಂದೇ ಸಲ. ನಿನಗೆ ಆಗಲಿಲ್ಲ ಅಲ್ವಾ?"

"ಅಕ್ಕಾ, ಸುಳ್ಳು ಬರೆಯೋಕೆ ಹೇಗೆ..."

"ಒಳಗೆ ಬಿಡು ಅವಳನ್ನ," ಅಂತ ಒಳಗಿನಿಂದ ಭಾವನ ದನಿ ಬಂತು.

ಭಾವ ಮೇಜಿನ ಮುಂದೆ ಕೂತಿದ್ದರು. ಎದುರಿನ ಕುರ್ಚಿ ತೋರಿಸಿದರು. ದನಿಯಲ್ಲಿ ಕೋಪವಿರಲಿಲ್ಲ. ಅದೇ ಕಷ್ಟವಾಯಿತು ಅಂದರು ಹಾಜರಿಯಕ್ಕ.

"ನೀನು ಹೆಸರು ಹೊಡೀಲಿಲ್ಲ, ಸರಿಯಾಗೇ ಮಾಡಿದೆ. ಕೇಳಬಾರದಾಗಿತ್ತು, ಕೇಳಿದೆ. ಆ ನಾಚಿಕೆ ನನ್ನದು. ಒಂದು ಕೇಳ್ತೀನಿ. ಕಂಪ್ಯೂಟರ್‌ನವರ ಪಟ್ಟಿ ನಿಜಾನಾ?"

ಹಾಜರಿಯಕ್ಕ ಮೂವತ್ತೇಳನೆಯ ಹೆಸರಿನ ವಿಷಯ ಹೇಳಿದರು. ಅಡುಗೆಮನೆಯಲ್ಲಿ ಅಕ್ಕನ ಪಾತ್ರೆಯ ಸದ್ದು ನಿಂತುಹೋಯಿತು.

"ಗೊತ್ತಿತ್ತು," ಅಂದರು ಭಾವ. "ಗೊತ್ತಿದ್ದೂ ಬರೆದೆ. ನಮ್ಮ ನಿಜಾನ ನಿಜವಾಗಿ ಬರೆದೆ, ಅವರ ಸುಳ್ಳನ್ನ ಅಂದವಾಗಿ ನಕಲು ಮಾಡಿದೆ. ಬಡವರ ಹತ್ರ ಮಾತ್ರ ನೀನು ಹರಿಶ್ಚಂದ್ರ." ಎದ್ದು ನಿಂತರು. "ಇನ್ನು ಬರಬೇಡ. ಬಂದ್ರೆ ನನಗೆ ಮಾತಾಡೋಕೆ ಏನೂ ಇರಲ್ಲ."

ಹಾಜರಿಯಕ್ಕ ಬಸ್ಸು ಹತ್ತದೆ ನಡೆದೇ ಮನೆಗೆ ಹೋದರು. ಮಾರನೆಯ ದಿನದಿಂದ ಮತ್ತೆ ಫೋನು ಹಿಡಿದರು. ಈ ಸಲ ಕಂಪ್ಯೂಟರ್ ವಿಭಾಗದ ತೊಂಬತ್ತನಾಲ್ಕು ಜನರಿಗೆ. ಮೂವತ್ತು ಜನ ಸಿಕ್ಕರು. ಅದರಲ್ಲಿ ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡುತ್ತಿದ್ದವರು ಒಂಬತ್ತು. ಬಸ್ ನಿಲ್ದಾಣದ ಮುಂದೆ ಮೊಬೈಲ್ ಕವರು ಮಾರುವವನನ್ನು 'ತಾಂತ್ರಿಕ ಮಾರಾಟ' ಅಂತ ಬರೆದಿದ್ದರು. ಮದುವೆಯಾಗಿ ಮನೆಯಲ್ಲಿರುವ ಇಬ್ಬರು ಹುಡುಗಿಯರು 'ಮನೆಯಿಂದಲೇ ಕೆಲಸ' ಮಾಡುತ್ತಿದ್ದರು.

ಯೋಜನೆಗೆ ಒಪ್ಪಿಗೆ ಕೊಡಲು ಆಡಳಿತ ಮಂಡಳಿ ಸೇರಿದ ದಿನ ಕಡತ ಹಿಡಿದು ಒಳಗೆ ಹೋದವರು ಕೂರಲಿಲ್ಲ. ನಾನು ಪ್ರತಿಗಳನ್ನು ಹಂಚಲು ಅಲ್ಲೇ ಇದ್ದೆ. ಉದ್ದ ಮೇಜು, ಮುಚ್ಚಳ ಹಾಕಿದ ನೀರಿನ ಲೋಟಗಳು, ಎಲ್ಲರ ಮುಂದೂ ಹೊಳೆಯುವ ಮುಖಪುಟದ ಯೋಜನೆ. ಅಧ್ಯಕ್ಷರು ಒಂದು ಕಾರ್ಖಾನೆಯ ಮಾಜಿ ವ್ಯವಸ್ಥಾಪಕರು. 'ಇನ್ನೇನಾದರೂ' ಅಂತ ಅವರು ಕೇಳುವಷ್ಟರಲ್ಲಿ ಹಾಜರಿಯಕ್ಕ ಮಾತು ಶುರುಮಾಡಿದ್ದರು.

"ಒಂಬತ್ತನೇ ಪುಟದ ಅಂಕಿ ಸುಳ್ಳು ಸಾರ್. ಪಟ್ಟಿಯಲ್ಲಿ ಮೂವತ್ತೇಳನೇ ಹೆಸರು ಸತ್ತವನದು."

ಕಂಪ್ಯೂಟರ್ ಮೇಷ್ಟ್ರು ನೀರಿನ ಲೋಟದ ಮುಚ್ಚಳ ತೆಗೆದರು, ಮತ್ತೆ ಮುಚ್ಚಿದರು. ಹಾಜರಿಯಕ್ಕ ತಮ್ಮ ಮೂವತ್ತು ಫೋನುಗಳ ಪಟ್ಟಿ ಮುಂದಿಟ್ಟರು. ಅಧ್ಯಕ್ಷರು ಅದನ್ನು ಮುಟ್ಟಲಿಲ್ಲ.

"ಯಾರ ಅನುಮತಿ ತಗೊಂಡು ಇವರಿಗೆಲ್ಲ ಫೋನ್ ಮಾಡಿದ್ರಿ?"

"ಅನುಮತಿ... ಮರುಕಲಿಕೆಯವರಿಗೆ ಮಾಡಿದಾಗ ಯಾರೂ ಕೇಳಲಿಲ್ಲ ಸಾರ್."

ಅಧ್ಯಕ್ಷರು ಒಂಬತ್ತನೇ ಪುಟ ತಿರುವಿ ಕೆಳಗೆ ಬೆರಳಿಟ್ಟರು. "ಈ ಸಹಿ ಯಾರದು?"

"ನಂದೇ."

"'ಪರಿಶೀಲಿಸಿದೆ' ಅಂತ ಬರೆದಿದೀರಿ. ಸತ್ತಿದಾನೆ ಅಂತ ಆವತ್ತು ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ?"

ಹಾಜರಿಯಕ್ಕ ಫೋನುಗಳ ಪಟ್ಟಿಯನ್ನು ಇನ್ನಷ್ಟು ಮುಂದಕ್ಕೆ ಸರಿಸಿದರು. "ಉಳಿದವರನ್ನೂ ವಿಚಾರಿಸಿ ಸಾರ್" ಅಂತ ಒಮ್ಮೆ ಅಂದರು. ಮಂಡಳಿಯ ಯಾರೋ ಒಬ್ಬರು, "ಒಬ್ಬ ಸತ್ತ ಅಂದ್ರೆ ಎಲ್ಲರೂ ಸತ್ತ ಹಾಗಾ?" ಅಂದರು. ಎರಡು ಮೂರು ಜನ ನಕ್ಕರು. ನಾನು ಪ್ರತಿಗಳನ್ನು ಎದೆಗೆ ಅವುಚಿಕೊಂಡು ನಿಂತಿದ್ದೆ. ನಾನೂ ಬಾಯಿ ಬಿಡಲಿಲ್ಲ ಅನ್ನುವುದನ್ನು ಇಲ್ಲಿ ಹೇಳಿಬಿಡಬೇಕು.

ವಿಚಾರಣೆ ಮೂರು ದಿನ ನಡೆಯಿತು. ಮೂವತ್ತೇಳನೆಯ ಹೆಸರನ್ನು ತೆಗೆದರು. ತೊಂಬತ್ತನಾಲ್ಕು ಹೋಗಿ ತೊಂಬತ್ತಮೂರಾಯಿತು, ಎಂಬತ್ತನಾಲ್ಕು ಹೋಗಿ ಎಂಬತ್ತಮೂರಾಯಿತು. ಮುಗಿಸಿದವರ ಸಾಲಿನಲ್ಲಿ ಅವನು ಹಾಗೇ ಉಳಿದ. ದಾಖಲೆ ವಿಭಾಗದ ಅಜಾಗರೂಕತೆಯಿಂದ ಆದ ತಪ್ಪು ಅಂತ ವರದಿ ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹಾಜರಿಯಕ್ಕನಿಗೆ ಎಚ್ಚರಿಕೆಯ ಪತ್ರ, ನೆಲಮಾಳಿಗೆಯ ಉಗ್ರಾಣಕ್ಕೆ ವರ್ಗ. ಮುರಿದ ಬೆಂಚು, ಹಳೆಯ ಟೈಪ್‌ರೈಟರುಗಳನ್ನು ನೋಡಿಕೊಳ್ಳುವ ಕೆಲಸ. ಇಪ್ಪತ್ತಾರು ವರ್ಷದ ಹಾಜರಿ ಪುಸ್ತಕಗಳೂ ಯಂತ್ರಕ್ಕೆ ಏರಿದ ಮೇಲೆ ಅಲ್ಲಿಗೇ ಬಂದು ಬಿದ್ದವು.

ತಿಂಗಳ ಕೊನೆಯ ದಿನ ಮರುಕಲಿಕೆಯಲ್ಲಿ ಹದಿನೇಳು ಜನರಿದ್ದರು. ಭಾವ ಆರು ಗಂಟೆಯವರೆಗೂ ಭಿನ್ನರಾಶಿ ಹೇಳಿಕೊಟ್ಟರು, ಮನೆಗೆ ಲೆಕ್ಕವನ್ನೂ ಕೊಟ್ಟರು. ಯಾರೋ, "ನಾಳೆ ಯಾರಿಗೆ ತೋರಿಸೋದು ಮೇಷ್ಟ್ರೇ?" ಅಂದದ್ದಕ್ಕೆ ಹಲಗೆ ಒರೆಸುತ್ತಲೇ ಇದ್ದರು. ಮರುದಿನ ಅವರನ್ನು ನನ್ನ ಗ್ರಂಥಾಲಯಕ್ಕೆ ಹಾಕಿದರು. ಪುಸ್ತಕಗಳ ಬೆನ್ನಿಗೆ ಚೀಟಿ ಅಂಟಿಸುವ ಕೆಲಸ. ಕಿಟಕಿಯ ಪಕ್ಕ ಕೂತು, ಗೆರೆ ಹಿಡಿದು ಅಳೆದ ಹಾಗೆ ನೇರವಾಗಿ ಅಂಟಿಸುತ್ತಿದ್ದರು. ಮೂರೂವರೆ ಆದರೆ ಒಂದು ಸಲ ಗಡಿಯಾರ ನೋಡುತ್ತಿದ್ದರು. ಮೂರು ತಿಂಗಳಾದ ಮೇಲೆ ಒಂದು ಸೋಮವಾರ ಬರಲಿಲ್ಲ. ಸ್ವಯಂ ನಿವೃತ್ತಿಯ ಪತ್ರ ಅಂಚೆಯಲ್ಲಿ ಬಂತು.

ತರಗತಿ ಮುಚ್ಚಿದಾಗ ಐದನೇ ಸಲದಮ್ಮನ ಪರೀಕ್ಷೆಗೆ ನಾಲ್ಕೇ ತಿಂಗಳಿತ್ತು. ಹಾಜರಿಯಕ್ಕ ಅವಳನ್ನು ಉಗ್ರಾಣಕ್ಕೆ ಕರೆದು ಊಟದ ಹೊತ್ತಿನಲ್ಲಿ ಪಾಠ ಹೇಳಿದರು. ಆದರೆ ಪರೀಕ್ಷೆಯ ಅರ್ಜಿಗೆ ಕಲಿಕಾ ಕೇಂದ್ರದ ಮೊಹರು ಬೇಕು. ತರಗತಿ ಮುಚ್ಚಿದ್ದರಿಂದ ನಮ್ಮ ಕೇಂದ್ರದ ಸಂಖ್ಯೆಯೇ ರದ್ದಾಗಿತ್ತು. ಖಾಸಗಿಯಾಗಿ ಕಟ್ಟುವ ದಿನಾಂಕ ದಾಟಿತ್ತು. ಹಾಜರಿಯಕ್ಕ ನಾಲ್ಕು ಕಚೇರಿ ಅಲೆದರು. ಎಲ್ಲರೂ ಮುಂದಿನ ವರ್ಷ ಬನ್ನಿ ಅಂದರು. ಆಸ್ಪತ್ರೆ ಮುಂದಿನ ವರ್ಷದವರೆಗೆ ಕಾಯಲಿಲ್ಲ. ವರ್ಷದ ಕೊನೆಗೆ ಪ್ರಮಾಣಪತ್ರವಿಲ್ಲದ ಹನ್ನೊಂದು ಜನರನ್ನು ಬಿಡಿಸಿದರು, ಅದರಲ್ಲಿ ಅವಳೂ ಒಬ್ಬಳು.

ಅದೇ ಆಸ್ಪತ್ರೆಗೆ ಭಾವನನ್ನು ಸೇರಿಸಿದ್ದು ಮುಂದಿನ ವರ್ಷ. ಶ್ವಾಸಕೋಶ. ಹದಿನೆಂಟು ದಿನ ಇದ್ದರು. ಹಾಜರಿಯಕ್ಕ ದಿನವೂ ಕೆಲಸ ಮುಗಿಸಿ ಹೋಗುತ್ತಿದ್ದರು. ಅಕ್ಕ ತಡೆಯಲಿಲ್ಲ, ಮಾತೂ ಆಡಿಸಲಿಲ್ಲ, ಎದ್ದು ಜಾಗ ಬಿಡುತ್ತಿದ್ದಳು. ಭಾವ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. ಒಂದು ದಿನ ಅವರ ಉಗುರು ಬೆಳೆದದ್ದು ನೋಡಿ ಹಾಜರಿಯಕ್ಕ ಕತ್ತರಿ ತಂದರು. ಭಾವ ಮುಖ ತಿರುಗಿಸಲಿಲ್ಲ, ಆದರೆ ಒಂದು ಕೈ ಮುಂದಿಟ್ಟರು. ಆ ಕೈಯ ಉಗುರು ಕತ್ತರಿಸಿ ಆದ ಮೇಲೆ ಇನ್ನೊಂದು ಕೈ ತಾವಾಗಿಯೇ ಚಾಚಿದರು. ಅಷ್ಟೇ.

ಐದನೇ ಸಲದಮ್ಮ ನೋಡಲು ಬಂದಳು. ಆಗ ಅವಳು ಯಾವುದೋ ಕಟ್ಟಡದ ಮೆಟ್ಟಿಲು ಒರೆಸುತ್ತಿದ್ದಳು. ಮಂಚದ ಕಾಲ ಬಳಿ ನಿಂತು, "ಮೇಷ್ಟ್ರೇ, ದಶಮಾಂಶ ಬಂತು ನನಗೆ. ಚುಕ್ಕಿ ಎಲ್ಲಿ ಇಡಬೇಕು ಅಂತ ಗೊತ್ತಾಯ್ತು" ಅಂದಳು. ಭಾವ ಈ ಕಡೆ ತಿರುಗಿ ನಕ್ಕರು. "ಯಾರು ಹೇಳಿಕೊಟ್ರು?" ಅಂದರು. ಅವಳು ಹಾಜರಿಯಕ್ಕನ ಕಡೆ ಕೈ ತೋರಿಸಿದಳು. ಭಾವ ಆ ಕಡೆ ನೋಡಲಿಲ್ಲ. "ಚೆನ್ನಾಗಿ ಹೇಳಿಕೊಟ್ಟಿದಾರೆ" ಅಂತ ಅವಳಿಗೇ ಹೇಳಿ ಕಣ್ಣು ಮುಚ್ಚಿದರು. ಅದಾಗಿ ಐದನೆಯ ದಿನ ಹೋದರು.

ಹಾಜರಿಯಕ್ಕ ಇನ್ನೂ ಮೂರು ವರ್ಷ ನೆಲಮಾಳಿಗೆಯಲ್ಲಿ ಕೆಲಸ ಮಾಡಿ ಅವಧಿಗೆ ಮುಂಚೆಯೇ ನಿವೃತ್ತರಾದರು. ಆ ಹೊತ್ತಿಗೆ ಪ್ರಾಂಶುಪಾಲರು ಬದಲಾಗಿದ್ದರು, ಕಂಪ್ಯೂಟರ್ ಮೇಷ್ಟ್ರು ಬಡ್ತಿ ಪಡೆದು ಬೇರೆ ಕಡೆ ಹೋಗಿದ್ದರು. ಹೆಚ್ಚಿಸಿದ ಮೂವತ್ತು ಸೀಟಿನಲ್ಲಿ ಹತ್ತೂ ತುಂಬುತ್ತಿರಲಿಲ್ಲ. ಮುಂದಿನ ಐದು ವರ್ಷದ ಯೋಜನೆಗೆ ಮತ್ತೊಬ್ಬ ಸಲಹೆಗಾರ ಬಂದ. ಶಾಲೆ ಬಿಟ್ಟವರಿಗಾಗಿ ಒಂದು ತರಗತಿ ತೆರೆಯಬೇಕು ಅಂತ ಅವನು ಶಿಫಾರಸು ಮಾಡಿದ. ಪಾಠ ಮಾಡಲು ಯಾರೂ ಸಿಗಲಿಲ್ಲ. ಅದು ಕಾಗದದಲ್ಲೇ ಉಳಿಯಿತು.

ಅಕ್ಕ ಒಂದು ಪೆಟ್ಟಿಗೆ, ಒಂದು ಹಾಸಿಗೆಯ ಸುರುಳಿ ತೆಗೆದುಕೊಂಡು ತಂಗಿಯ ಒಂಟಿ ಕೋಣೆಗೆ ಬಂದದ್ದು ಅದೇ ವರ್ಷ. ಒಬ್ಬಳೇ ಇರಲಾರೆ ಅಂದಳಂತೆ, ಇನ್ನೇನೂ ಹೇಳಲಿಲ್ಲವಂತೆ. ನಾನು ಆಗಾಗ ಹೋಗುತ್ತೇನೆ. ಇಬ್ಬರೂ ಕಿಟಕಿಯ ಹತ್ತಿರ ಕೂತಿರುತ್ತಾರೆ. ಹಾಜರಿಯಕ್ಕ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಾರೆ, ಅಕ್ಕನಿಗೆ ಓದಲು ಬರುವುದಿಲ್ಲ. ಭಾವನ ತರಗತಿಯ ಮಾತು ಮಾತ್ರ ಇಬ್ಬರ ನಡುವೆ ಬಂದಿಲ್ಲ. ಒಂದೇ ಒಂದು ಸಲ, ನಾನೂ ಅಲ್ಲಿದ್ದಾಗ, ಅಕ್ಕ ತಾನಾಗಿಯೇ ಅಂದಳು:

"ನಾನೂ ಒಂದು ಸಲ ಅವರ ತರಗತಿಗೆ ಹೋಗಿದ್ದೆ. ನೀನು ಕೆಲಸಕ್ಕೆ ಸೇರೋಕೆ ಮುಂಚೆ. ಹತ್ತು ದಿನ. ಆಮೇಲೆ ನಿನಗೆ ಜ್ವರ ಬಂತು, ಬಿಟ್ಟೆ."

ಹಾಜರಿಯಕ್ಕ ಪತ್ರಿಕೆ ಕೆಳಗಿಟ್ಟರು. ಅಕ್ಕ, "ಓದು, ಓದು, ನಿಲ್ಲಿಸಬೇಡ" ಅಂದಳು. ಅವರು ಮತ್ತೆ ಎತ್ತಿಕೊಂಡು, ಬಿಟ್ಟ ಸಾಲು ಹುಡುಕಿ, ಅಲ್ಲಿಂದ ಮುಂದಕ್ಕೆ ಓದಿದರು.